ಹುಪ್ಪಾದಿಂದ ಸ್ಮಶಾನದವರೆಗೆ: ಅಮೆರಿಕದ ಯಹೂದಿ ಸಮುದಾಯ ಮತ್ತು ಅಂತರ್ಧರ್ಮೀಯ ಕುಟುಂಬಗಳು

ಅಮೆರಿಕದ ಸಿನಗಾಗ್‌ಗಳಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಲ್ಲಿ, ಶನಿವಾರ ಬೆಳಿಗ್ಗೆ ಇಂಥದೊಂದು ಸನ್ನಿವೇಶ ಈಗ ಅಪರೂಪವಲ್ಲ. 13 ವರ್ಷ ತುಂಬಿದ ಹುಡುಗನೊಬ್ಬ, ಧಾರ್ಮಿಕವಾಗಿ ಪ್ರಾಪ್ತವಯಸ್ಕನಾಗುವ ಬಾರ್ ಮಿಟ್ಸ್ವಾ ದಿನದಂದು, ಮೊದಲ ಬಾರಿಗೆ ಯಹೂದಿಗಳ ಪವಿತ್ರ ಗ್ರಂಥವಾದ ತೋರಾದ ಸುರುಳಿಯ ಮುಂದೆ ನಿಂತಿದ್ದಾನೆ. ತೋರಾ ಓದುವ ಮುನ್ನ ಮತ್ತು ಓದಿದ ಮೇಲೆ ಹೇಳುವ ಆಶೀರ್ವಚನಕ್ಕೆ ಹತ್ತಿರದ ಬಂಧುಗಳನ್ನು ವೇದಿಕೆಗೆ ಕರೆಯುವುದು ರೂಢಿ. ಹುಡುಗನ ತಂದೆ ಯಹೂದಿ, ತಾಯಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದವಳು. ಮಗನನ್ನು ವರ್ಷಗಟ್ಟಲೆ ವಾರವಾರವೂ ಹೀಬ್ರೂ ಪಾಠಕ್ಕೆ ಕರೆದೊಯ್ದವಳು ಅವಳೇ, ಮನೆಯಲ್ಲಿ ಶುಕ್ರವಾರ ಸಂಜೆ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನ ದೀಪ ಹಚ್ಚುವುದನ್ನು ರೂಢಿಸಿದವಳೂ ಅವಳೇ. ಆದರೆ ಆ ಆಶೀರ್ವಚನದಲ್ಲಿ 'ಸಕಲ ಜನಾಂಗಗಳಲ್ಲಿ ನಮ್ಮನ್ನು ಆರಿಸಿ, ನಮಗೆ ತನ್ನ ತೋರಾವನ್ನು ಕೊಟ್ಟವನು' ಎಂಬ ಮಾತಿದೆ. 'ನಮ್ಮನ್ನು' ಎಂದು ಅವಳು ಹೇಳಬಹುದೇ? ಹೇಳಬಾರದು ಎಂದರೆ, ಆ ಬೆಳಿಗ್ಗೆ ಅವಳು ಎಲ್ಲಿ ನಿಲ್ಲಬೇಕು?

ಈ ಒಂದು ಪ್ರಶ್ನೆಯೊಳಗೆ ಎರಡೂವರೆ ಸಾವಿರ ವರ್ಷಗಳ ಧರ್ಮಶಾಸ್ತ್ರ, ಕಳೆದ ಶತಮಾನದ ಗಾಯಗಳು, ಮತ್ತು ಒಂದು ಸಣ್ಣ ಸಮುದಾಯವು ತನ್ನ ಉಳಿವಿನ ಬಗ್ಗೆ ಪಡುವ ಚಿಂತೆ ಒಟ್ಟಾಗಿ ಸೇರಿಕೊಂಡಿವೆ. ಅಂತರ್ಧರ್ಮೀಯ ಮದುವೆ ಸರಿಯೋ ತಪ್ಪೋ ಎಂದು ವಾದಿಸುವವರು ಸಾಮಾನ್ಯವಾಗಿ ಮದುವೆಯ ದಿನಕ್ಕೇ ನಿಂತುಬಿಡುತ್ತಾರೆ. ಆದರೆ ಮದುವೆಯ ನಂತರ ಮಗುವಿನ ನಾಮಕರಣವಿದೆ, ಪಾಠಶಾಲೆಯಿದೆ, ಹಬ್ಬಗಳಿವೆ, ಕಾಯಿಲೆಯಿದೆ, ಕಡೆಗೆ ಮಣ್ಣು ಮಾಡುವ ಜಾಗವೂ ಇದೆ. ಸ್ವಾಗತ ಎಂಬುದು ಬಾಗಿಲಲ್ಲಿ ಆಡುವ ಒಂದು ಮಾತಲ್ಲ, ಈ ಪ್ರತಿಯೊಂದು ಹೊಸ್ತಿಲಲ್ಲೂ ಕೊಡಬೇಕಾದ ಸ್ಪಷ್ಟ ಉತ್ತರ ಎಂಬುದನ್ನು ಅಮೆರಿಕದ ಯಹೂದಿ ಸಮುದಾಯ ಕಳೆದ ಐವತ್ತು ವರ್ಷಗಳಲ್ಲಿ ಬಹಳ ಕಷ್ಟಪಟ್ಟು ಕಲಿತಿದೆ, ಇನ್ನೂ ಕಲಿಯುತ್ತಿದೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಮಾಡಿಕೊಳ್ಳಬೇಕು. ಯಹೂದಿತನ ಕೇವಲ ನಂಬಿಕೆಯಲ್ಲ, ಅದು ಒಂದು ಜನಾಂಗದ ಸದಸ್ಯತ್ವವೂ ಹೌದು. ದೇವರನ್ನು ನಂಬದ ಯಹೂದಿಯೂ ಯಹೂದಿಯೇ ಆಗಿರುತ್ತಾನೆ. ಯಹೂದಿ ದೇವರನ್ನು ಹೃತ್ಪೂರ್ವಕವಾಗಿ ನಂಬುವ ಬೇರೊಬ್ಬನು ಅಷ್ಟರಿಂದಲೇ ಯಹೂದಿಯಾಗುವುದಿಲ್ಲ. ಹಲಾಖಾ ಎಂದು ಕರೆಯಲಾಗುವ ಸಾಂಪ್ರದಾಯಿಕ ಧರ್ಮಶಾಸ್ತ್ರದ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದವರು, ಇಲ್ಲವೇ ವಿಧಿಪೂರ್ವಕವಾಗಿ ಮತಾಂತರ ಹೊಂದಿದವರು ಯಹೂದಿಗಳು. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಇದು ತೀರಾ ಅಪರಿಚಿತವೆನಿಸಲಾರದು: ಅಲ್ಲಿ 'ಬಳಿ' ತಾಯಿಯಿಂದ ಬರುತ್ತದೆ, ತಂದೆಯಿಂದಲ್ಲ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಯಹೂದಿಗಳಲ್ಲಿ ಪುರೋಹಿತ ವಂಶವಾದ ಕೋಹೆನ್ ಮತ್ತು ಲೇವಿ ಕುಲಗಳು ತಂದೆಯ ಕಡೆಯಿಂದಲೇ ಸಾಗುತ್ತವೆ.

ತಾಯಿಯ ಕಡೆಯ ಈ ನಿಯಮವು ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಬೈಬಲ್‌ನ ಹಳೆಯ ಕಥನಗಳಲ್ಲಿ ವಂಶವನ್ನು ತಂದೆಯಿಂದ ಎಣಿಸಿರುವುದೇ ಹೆಚ್ಚು. ಮೋಶೆಯ ಹೆಂಡತಿ ಸಿಪ್ಪೋರಾ ಮಿದ್ಯಾನಿನ ಅರ್ಚಕನ ಮಗಳು. ಯೋಸೇಫನ ಹೆಂಡತಿ ಆಸನತ್ ಈಜಿಪ್ಟಿನ ಪುರೋಹಿತನೊಬ್ಬನ ಮಗಳು. ಅವರ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯ ಹೆಸರಿನಲ್ಲಿ ಇಸ್ರಾಯೇಲಿನ ಎರಡು ಕುಲಗಳೇ ಬೆಳೆದವು. ಇಂದಿಗೂ ಶುಕ್ರವಾರ ಸಂಜೆ ತಂದೆತಾಯಿಗಳು ಗಂಡುಮಕ್ಕಳ ತಲೆಯ ಮೇಲೆ ಕೈಯಿಟ್ಟು, 'ದೇವರು ನಿನ್ನನ್ನು ಎಫ್ರಾಯೀಮ್ ಮತ್ತು ಮನಸ್ಸೆಯಂತೆ ಮಾಡಲಿ' ಎಂದು ಹರಸುತ್ತಾರೆ. ಪರದೇಶದ ತಾಯಿಗೆ ಹುಟ್ಟಿ, ಪರದೇಶದಲ್ಲೇ ಬೆಳೆದು, ತಂದೆಯ ಮನೆತನಕ್ಕೆ ಸೇರಿದ ಇಬ್ಬರು ಮಕ್ಕಳ ಹೆಸರು ಪ್ರತಿ ವಾರದ ಹರಕೆಯಲ್ಲಿ ಉಳಿದುಕೊಂಡಿರುವುದು ನನ್ನನ್ನು ಆಳವಾಗಿ ತಟ್ಟಿದ ಸಂಗತಿ.

ಅದೇ ಧರ್ಮಗ್ರಂಥದಲ್ಲಿ ಎದುರು ದನಿಯೂ ಇದೆ. ಧರ್ಮೋಪದೇಶಕಾಂಡದ ಏಳನೆಯ ಅಧ್ಯಾಯವು ಸುತ್ತಲಿನ ಜನಾಂಗಗಳೊಡನೆ ಹೆಣ್ಣು ಕೊಟ್ಟು ತರುವುದನ್ನು ನಿಷೇಧಿಸುತ್ತದೆ. ಬ್ಯಾಬಿಲೋನಿನ ಸೆರೆಯಿಂದ ಜನ ಮರಳಿ ಬಂದ ಮೇಲೆ ಧರ್ಮಶಾಸ್ತ್ರಜ್ಞ ಎಜ್ರನ ಕಾಲದಲ್ಲಿ ಪರದೇಶಿ ಹೆಂಡತಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ಕಳುಹಿಸಿಬಿಡುವ ನಿರ್ಧಾರವಾಯಿತು. ಇನ್ನೊಂದು ಕಡೆ ಪರದೇಶವಾದ ಮೋವಾಬಿನ ರೂತಳಿದ್ದಾಳೆ. ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದೆ, 'ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು' ಎಂದ ಆ ಸೊಸೆ ದಾವೀದ ರಾಜನ ಮುತ್ತಜ್ಜಿಯಾದಳು. ಎಜ್ರ ಮತ್ತು ರೂತ್ ಒಂದೇ ಗ್ರಂಥದೊಳಗೆ ಅಕ್ಕಪಕ್ಕದಲ್ಲಿದ್ದಾರೆ, ಮತ್ತು ಅಂದಿನಿಂದ ಇಂದಿನವರೆಗೆ ನಡೆದ ವಾದವೆಲ್ಲ ಇವರಿಬ್ಬರ ನಡುವಿನ ಸಂವಾದವೇ ಆಗಿದೆ.

ಮಧ್ಯಯುಗದ ಯುರೋಪಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಧರ್ಮಸಂಸ್ಥೆಗಳ ಹೊರಗೆ ಮದುವೆಯೇ ಇರದಿದ್ದ ಕಾಲದಲ್ಲಿ ಬೇರೆ ಧರ್ಮದವರನ್ನು ಮದುವೆಯಾಗಬೇಕೆಂದರೆ ಇಬ್ಬರಲ್ಲೊಬ್ಬರು ಮತಾಂತರವಾಗಲೇಬೇಕಿತ್ತು. ಸರ್ಕಾರದ ಮುಂದೆ ನೋಂದಣಿಯಾಗುವ ಮದುವೆ ಬಂದ ಮೇಲೆ ಚಿತ್ರ ಬದಲಾಯಿತು. 1806ರಲ್ಲಿ ನೆಪೋಲಿಯನ್ ಫ್ರಾನ್ಸಿನ ಯಹೂದಿ ಪ್ರಮುಖರ ಸಭೆ ಕರೆಸಿ ಹನ್ನೆರಡು ಪ್ರಶ್ನೆಗಳನ್ನು ಮುಂದಿಟ್ಟಾಗ, ಯಹೂದಿಗಳು ಮತ್ತು ಕ್ರೈಸ್ತರು ಪರಸ್ಪರ ಮದುವೆಯಾಗಬಹುದೇ ಎಂಬುದೂ ಅವುಗಳಲ್ಲೊಂದಾಗಿತ್ತು. ಕಾನೂನಿನ ದೃಷ್ಟಿಯಲ್ಲಿ ಅಂಥ ಮದುವೆ ಊರ್ಜಿತವೇ, ಆದರೆ ಯಹೂದಿ ಧರ್ಮಗುರುಗಳಾದ ರಬ್ಬಿಗಳು ಅದಕ್ಕೆ ಧಾರ್ಮಿಕ ಆಶೀರ್ವಾದ ನೀಡಲಾರರು ಎಂಬರ್ಥದ ಉತ್ತರವನ್ನು ಅವರು ಕೊಟ್ಟರು. ಅಮೆರಿಕದಲ್ಲಿ ಸುಧಾರಣಾವಾದಿ ಪಂಥವಾದ ರಿಫಾರ್ಮ್ ಯಹೂದಿಗಳ ರಬ್ಬಿ ಸಂಘಟನೆ ಕೂಡ 1909ರಲ್ಲಿ, ಮಿಶ್ರವಿವಾಹಗಳು ಯಹೂದಿ ಪರಂಪರೆಗೆ ವಿರುದ್ಧವಾದುದರಿಂದ ಅವುಗಳನ್ನು ಪ್ರೋತ್ಸಾಹಿಸಬಾರದೆಂದು ನಿರ್ಣಯಿಸಿತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ವಿರೋಧಕ್ಕೆ ಬೇರೆಯದೇ ತೂಕ ಬಂತು. ಅರವತ್ತು ಲಕ್ಷ ಯಹೂದಿಗಳ ಹತ್ಯೆಯ ನಂತರ ಬದುಕುಳಿದ ತಲೆಮಾರಿಗೆ, ಮಗ ಅಥವಾ ಮಗಳು ಸಮುದಾಯದ ಹೊರಗೆ ಮದುವೆಯಾಗುವುದು ಖಾಸಗಿ ಆಯ್ಕೆಯಾಗಿ ಕಾಣಲಿಲ್ಲ. ಹಿಟ್ಲರ್ ಮುಗಿಸಲಾಗದೆ ಬಿಟ್ಟ ಕೆಲಸವನ್ನು ನಮ್ಮ ಮಕ್ಕಳೇ ಮುಗಿಸುತ್ತಿದ್ದಾರೆ ಎಂಬ ಕಟುವಾದ ಮಾತು ಆಗ ಕೇಳಿಬರುತ್ತಿತ್ತು. ಸತ್ತವರಿಗಾಗಿ ಏಳು ದಿನ ಕೂರುವ ಶಿವಾ ಎಂಬ ಸೂತಕವನ್ನು ಬದುಕಿರುವ ಮಕ್ಕಳಿಗಾಗಿ ಆಚರಿಸಿದ ಮನೆಗಳೂ ಇದ್ದವು. ಮಗ ಹೊರಗಿನವಳನ್ನು ಕಟ್ಟಿಕೊಂಡನೆಂದು ಎಳ್ಳುನೀರು ಬಿಟ್ಟ ಕಥೆಗಳನ್ನು ನಮ್ಮ ಊರುಗಳಲ್ಲೂ ಕೇಳಿರುವವರಿಗೆ ಆ ನೋವಿನ ಎರಡೂ ಬದಿ ಅರ್ಥವಾದೀತು. ಆ ಭಯವನ್ನು ಹಳೆಯ ಕಾಲದ ಸಂಕುಚಿತತನವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಭಯದಿಂದ ಹುಟ್ಟಿದ ನಿರಾಕರಣೆ ಏನನ್ನೂ ಉಳಿಸಲಿಲ್ಲ ಎಂಬುದೂ ಅಷ್ಟೇ ನಿಜ. ಮದುವೆಗಳು ನಿಲ್ಲಲಿಲ್ಲ, ಮದುವೆಯಾದವರು ಮಾತ್ರ ದೂರವಾದರು.

1990ರ ರಾಷ್ಟ್ರೀಯ ಯಹೂದಿ ಜನಸಂಖ್ಯಾ ಸಮೀಕ್ಷೆಯು, ಅದರ ಹಿಂದಿನ ಐದು ವರ್ಷಗಳಲ್ಲಿ ಮದುವೆಯಾದ ಯಹೂದಿಗಳ ಪೈಕಿ ಶೇಕಡಾ 52ರಷ್ಟು ಮಂದಿ ಯಹೂದಿಗಳಲ್ಲದವರನ್ನು ವರಿಸಿದ್ದಾರೆ ಎಂದಾಗ ಸಮುದಾಯದ ಸಂಸ್ಥೆಗಳಲ್ಲಿ ದೊಡ್ಡ ಕಳವಳವೆದ್ದಿತು. ಆ ಅಂಕಿ ತುಸು ಹೆಚ್ಚಾಯಿತು, ನಿಜವಾದ ಪ್ರಮಾಣ ಶೇಕಡಾ 43ರ ಆಸುಪಾಸಿನಲ್ಲಿದೆ ಎಂದು ನಂತರದ ಸಂಶೋಧಕರು ತಿದ್ದಿದರು. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯ ಪ್ರಕಾರ 1980ಕ್ಕೂ ಮುಂಚೆ ಮದುವೆಯಾಗಿ ಈಗಲೂ ದಾಂಪತ್ಯದಲ್ಲಿರುವ ಯಹೂದಿಗಳಲ್ಲಿ ಶೇಕಡಾ 18ರಷ್ಟು ಮಂದಿಯ ಸಂಗಾತಿ ಬೇರೆ ಧರ್ಮದವರು ಅಥವಾ ಯಾವ ಧರ್ಮಕ್ಕೂ ಸೇರದವರು. 2010ರ ನಂತರ ಮದುವೆಯಾದವರಲ್ಲಿ ಈ ಪ್ರಮಾಣ ಶೇಕಡಾ 61. ಸಂಪ್ರದಾಯವನ್ನು ಕಟ್ಟುನಿಟ್ಟಾಗಿ ಪಾಲಿಸುವ ಆರ್ಥೊಡಾಕ್ಸ್ ಪಂಥದವರು ಹೆಚ್ಚುಕಡಿಮೆ ಎಲ್ಲರೂ ತಮ್ಮೊಳಗೇ ಮದುವೆಯಾಗುವುದರಿಂದ ಅವರನ್ನು ಬಿಟ್ಟು ಎಣಿಸಿದರೆ ಅದು ಶೇಕಡಾ 72ಕ್ಕೆ ಏರುತ್ತದೆ. ಅಂದರೆ ಆರ್ಥೊಡಾಕ್ಸ್ ವಲಯದ ಹೊರಗೆ, ಹೊಸದಾಗಿ ಸಂಸಾರ ಹೂಡುವ ಯಹೂದಿಗಳಲ್ಲಿ ಅಂತರ್ಧರ್ಮೀಯ ಕುಟುಂಬವೇ ಈಗ ಸಾಮಾನ್ಯ ಕುಟುಂಬ. ಅವರನ್ನು ಒಂದು 'ಸಮಸ್ಯೆ' ಎಂದು ಕರೆಯುವ ಸಂಸ್ಥೆ ತನ್ನ ಮುಂದಿನ ತಲೆಮಾರಿನ ಬಹುಪಾಲನ್ನೇ ಸಮಸ್ಯೆ ಎಂದು ಕರೆದಂತಾಗುತ್ತದೆ.

ಈ ಸತ್ಯವನ್ನು ಬಹಳ ಮುಂಚೆಯೇ ಕಂಡವರು ರಬ್ಬಿ ಅಲೆಕ್ಸಾಂಡರ್ ಶಿಂಡ್ಲರ್. ಮ್ಯೂನಿಕ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿ ನಾಝಿ ಜರ್ಮನಿಯಿಂದ ಪಾರಾಗಿ ಬಂದ ಅವರು ಅಮೆರಿಕದ ರಿಫಾರ್ಮ್ ಸಭೆಗಳ ಒಕ್ಕೂಟದ ಅಧ್ಯಕ್ಷರಾಗಿದ್ದರು. 1978ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ನಡೆದ ಆಡಳಿತ ಮಂಡಳಿಯ ಸಭೆಯಲ್ಲಿ ಅವರು ಮಾಡಿದ ಭಾಷಣ ಈ ವಿಷಯದ ದಿಕ್ಕನ್ನೇ ಬದಲಿಸಿತು. ಮಿಶ್ರವಿವಾಹವನ್ನು ತಾವು ಪ್ರೋತ್ಸಾಹಿಸುವುದಿಲ್ಲವೆಂದು ಹೇಳುತ್ತಲೇ, ಹಾಗೆ ಮದುವೆಯಾದವರನ್ನು ದೂರ ತಳ್ಳುವ ಬದಲು ಸಮುದಾಯವೇ ಅವರತ್ತ ಕೈಚಾಚಬೇಕೆಂದು ಅವರು ಕರೆಕೊಟ್ಟರು. ಹತ್ಯಾಕಾಂಡದ ನೆರಳಿನಿಂದ ಪಾರಾದವರೊಬ್ಬರ ಬಾಯಿಂದಲೇ ಈ ಮಾತು ಬಂದದ್ದರಿಂದ, ಉಳಿವಿನ ಚಿಂತೆಯಿಲ್ಲದವರ ಹಗುರವಾದ ಉದಾರತೆಯೆಂದು ಅದನ್ನು ಯಾರೂ ಬದಿಗೆ ಸರಿಸುವಂತಿರಲಿಲ್ಲ.

ಅಲ್ಲಿಂದ ನಾಲ್ಕು ವರ್ಷ ದಾಟಿದ ಮೇಲೆ, 1983ರ ಮಾರ್ಚ್‌ನಲ್ಲಿ, ರಿಫಾರ್ಮ್ ರಬ್ಬಿಗಳ ಸಂಘಟನೆ ಇನ್ನೂ ದೊಡ್ಡ ಹೆಜ್ಜೆಯಿಟ್ಟಿತು. ತಾಯಿಯಾಗಲಿ ತಂದೆಯಾಗಲಿ, ಇಬ್ಬರಲ್ಲೊಬ್ಬರು ಯಹೂದಿಯಾಗಿದ್ದರೆ ಮಗುವನ್ನು ಯಹೂದಿ ಸಂತತಿಯೆಂದು ಭಾವಿಸಬಹುದು. ಆದರೆ ನಾಮಕರಣ, ತೋರಾ ಅಧ್ಯಯನ, ಬಾರ್ ಮಿಟ್ಸ್ವಾ ಅಥವಾ ಹುಡುಗಿಯರ ಬಾತ್ ಮಿಟ್ಸ್ವಾದಂಥ ಸಾರ್ವಜನಿಕ ಆಚರಣೆಗಳ ಮೂಲಕ ಆ ಭಾವನೆ ಸ್ಥಿರಪಡಬೇಕು ಎಂದು ಅದು ನಿರ್ಣಯಿಸಿತು. ರೀಕನ್‌ಸ್ಟ್ರಕ್ಷನಿಸ್ಟ್ ಎಂಬ ಚಿಕ್ಕ ಪಂಥ 1968ರಲ್ಲೇ ಇಂಥ ನಿಲುವು ತಳೆದಿತ್ತು. ಈ ನಿರ್ಣಯವನ್ನು ಬರೀ ಸಡಿಲಿಕೆಯೆಂದು ಓದುವುದು ತಪ್ಪು. ಹಲಾಖಾದ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದ ಮಗು ಏನನ್ನೂ ಆಚರಿಸದಿದ್ದರೂ ಯಹೂದಿಯೇ. 1983ರ ನಿರ್ಣಯವಾದರೋ ಹುಟ್ಟಿನ ಜೊತೆಗೆ ಬದುಕಿನ ಸಾಕ್ಷ್ಯವನ್ನೂ ಕೇಳುತ್ತದೆ, ಆ ಮಟ್ಟಿಗೆ ಹಳೆಯ ನಿಯಮಕ್ಕಿಂತ ಬಿಗಿಯಾಗಿದೆ.

ಇದರ ಪರಿಣಾಮವಾಗಿ ಒಂದೇ ಮಗುವಿಗೆ ಎರಡು ಉತ್ತರಗಳು ಹುಟ್ಟಿಕೊಂಡವು. ತಂದೆಯ ಕಡೆಯಿಂದ ಮಾತ್ರ ಯಹೂದಿಯಾಗಿ, ರಿಫಾರ್ಮ್ ಸಿನಗಾಗ್‌ನಲ್ಲಿ ಬೆಳೆದು, ಹೀಬ್ರೂ ಕಲಿತು, ಹಬ್ಬಗಳನ್ನೆಲ್ಲ ಆಚರಿಸಿದ ಹುಡುಗಿಯೊಬ್ಬಳು ಮುಂದೆ ತಾಯಿಯ ಕಡೆಯ ನಿಯಮವನ್ನು ಉಳಿಸಿಕೊಂಡಿರುವ ಕನ್ಸರ್ವೇಟಿವ್ ಪಂಥದ ಅಥವಾ ಆರ್ಥೊಡಾಕ್ಸ್ ಮನೆತನದ ಹುಡುಗನನ್ನು ಮೆಚ್ಚಿದರೆ, 'ನೀನು ಮೊದಲು ಮತಾಂತರವಾಗಬೇಕು' ಎಂಬ ಮಾತನ್ನು ಕೇಳಬೇಕಾಗುತ್ತದೆ. ಹುಟ್ಟಿನಿಂದ ತಾನು ಏನೆಂದು ತಿಳಿದಿದ್ದಳೋ ಅದಾಗಲು ಅರ್ಜಿ ಹಾಕಬೇಕಾದ ಆ ಅವಮಾನ ಚಿಕ್ಕದಲ್ಲ. ಇಸ್ರೇಲಿನಲ್ಲಿ ಈ ಗೊಂದಲಕ್ಕೆ ಕಾನೂನಿನ ಆಯಾಮವೂ ಇದೆ. 1950ರ ಮರಳುವಿಕೆಯ ಹಕ್ಕಿನ ಕಾಯಿದೆಗೆ 1970ರಲ್ಲಿ ಮಾಡಿದ ತಿದ್ದುಪಡಿಯಂತೆ ಯಹೂದಿಯ ಮಕ್ಕಳಿಗೆ, ಮೊಮ್ಮಕ್ಕಳಿಗೆ ಮತ್ತು ಸಂಗಾತಿಗೂ ಅಲ್ಲಿ ಪೌರತ್ವ ಸಿಗುತ್ತದೆ. ಆದರೆ ಅಲ್ಲಿ ಯಹೂದಿಗಳ ಮದುವೆ ಆರ್ಥೊಡಾಕ್ಸ್ ರಬ್ಬಿ ಮಂಡಳಿಯ ಕೈಯಲ್ಲಿದೆ. ಪೌರತ್ವ ಪಡೆದ ಅದೇ ವ್ಯಕ್ತಿ ಯಹೂದಿಯಾಗಿ ಮದುವೆಯಾಗಲು ಬಾರದೆ ಸೈಪ್ರಸ್‌ಗೆ ಹೋಗಿ ನೋಂದಣಿ ಮಾಡಿಸಿಕೊಂಡು ಬರುವುದು ಸಾಮಾನ್ಯ.

ಹುಪ್ಪಾ ಎಂದರೆ ನಾಲ್ಕು ಕಂಬಗಳ ಮೇಲೆ ಬಟ್ಟೆ ಹೊದಿಸಿದ ಮದುವೆಯ ಚಪ್ಪರ. ಅದರ ಕೆಳಗೆ ವರನು ಉಂಗುರ ತೊಡಿಸುತ್ತಾ, 'ಮೋಶೆ ಮತ್ತು ಇಸ್ರಾಯೇಲಿನ ಧರ್ಮದ ಪ್ರಕಾರ ನೀನು ನನಗೆ ಮೀಸಲಾದವಳು' ಎಂದು ಹೇಳುತ್ತಾನೆ. ರಬ್ಬಿಗಳ ಹಿಂಜರಿಕೆಯ ಮೂಲ ಇರುವುದು ಈ ಒಂದು ವಾಕ್ಯದಲ್ಲಿ. ಇಬ್ಬರೂ ಯಾವ ಧರ್ಮಕ್ಕೆ ಬದ್ಧರೋ ಆ ಧರ್ಮದ ಹೆಸರಿನಲ್ಲಿ ನಡೆಯುವ ಒಪ್ಪಂದ ಅದು. ಇಬ್ಬರಲ್ಲೊಬ್ಬರು ಆ ಧರ್ಮಕ್ಕೆ ಸೇರಿದವರಲ್ಲವಾದರೆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ ಎನ್ನುವುದು ಅವರ ವಾದ. ಇದನ್ನು ದ್ವೇಷವೆಂದೋ ಮಡಿವಂತಿಕೆಯೆಂದೋ ಕರೆದುಬಿಡುವುದು ಸುಲಭ, ಆದರೆ ಸರಿಯಲ್ಲ. ತಾನಾಡುವ ಮಂತ್ರದ ಅರ್ಥಕ್ಕೆ ನಿಷ್ಠನಾಗಿರಬೇಕೆಂದು ಬಯಸುವ ಪುರೋಹಿತನ ಸಂಕೋಚ ಗೌರವಕ್ಕೆ ಅರ್ಹವಾದದ್ದು. ಕನ್ಸರ್ವೇಟಿವ್ ಪಂಥವು ತನ್ನ ರಬ್ಬಿಗಳು ಅಂತರ್ಧರ್ಮೀಯ ಮದುವೆ ನಡೆಸಿಕೊಡುವುದನ್ನು 1970ರ ದಶಕದಿಂದಲೇ ನಿಷೇಧಿಸಿತ್ತು. ರಿಫಾರ್ಮ್ ರಬ್ಬಿಗಳಲ್ಲಿ ನಿರ್ಧಾರ ಆಯಾ ರಬ್ಬಿಯ ವಿವೇಚನೆಗೆ ಬಿಟ್ಟದ್ದು. ನಡೆಸಿಕೊಡುವವರಲ್ಲಿ ಅನೇಕರು ಆ ವಾಕ್ಯವನ್ನು ಬದಲಿಸುತ್ತಾರೆ. ಕೆತುಬಾ ಎಂಬ ವಿವಾಹಪತ್ರವನ್ನೂ ಇಬ್ಬರಿಗೂ ಸತ್ಯವೆನಿಸುವ ಮಾತುಗಳಲ್ಲಿ ಹೊಸದಾಗಿ ಬರೆಸುತ್ತಾರೆ.

ಬ್ರಾಂಡೈಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಬ್ಬಿಯೇ ಮದುವೆ ನಡೆಸಿಕೊಟ್ಟ ಅಂತರ್ಧರ್ಮೀಯ ದಂಪತಿಗಳು ಮಕ್ಕಳನ್ನು ಯಹೂದಿಗಳಾಗಿ ಬೆಳೆಸುವ, ಸಿನಗಾಗ್ ಸೇರುವ ಪ್ರಮಾಣ ಉಳಿದ ಅಂಥ ದಂಪತಿಗಳಿಗಿಂತ ಬಹಳ ಹೆಚ್ಚು ಎಂದು ತೋರಿಸಿತು. ರಬ್ಬಿಯನ್ನು ಹುಡುಕಿಕೊಂಡು ಹೋಗುವವರು ಮೊದಲೇ ಒಲವುಳ್ಳವರಾಗಿರುತ್ತಾರೆ, ಆದ್ದರಿಂದ ಇದನ್ನು ಮದುವೆ ನಡೆಸಿಕೊಟ್ಟದ್ದರ ಫಲವೆಂದು ಹೇಳಿಬಿಡಲಾಗದು ಎಂಬ ಆಕ್ಷೇಪವೂ ಬಂತು, ಅದು ಸರಿಯಾದ ಆಕ್ಷೇಪವೇ. ಆದರೂ ಅದೇ ತರ್ಕವನ್ನು ತಿರುಗಿಸಿ ನೋಡಬೇಕೆಂದು ನನಗನ್ನಿಸುತ್ತದೆ. ಮೊದಲೇ ಒಲವಿದ್ದು ಬಾಗಿಲು ತಟ್ಟಿದವರಿಗೆ ಇಲ್ಲವೆಂದರೆ, ಆ ಒಲವು ಹಾಗೆಯೇ ಉಳಿದೀತೇ? ಮದುವೆ ನಡೆಸಿಕೊಡಲಾಗದ ರಬ್ಬಿಯೂ ಆ ಜೋಡಿಯನ್ನು ಕೂರಿಸಿಕೊಂಡು ಕಾರಣವನ್ನು ತಿಳಿಸಬಹುದು, ಮದುವೆಗೂ ಮುನ್ನ ಮಾತುಕತೆಗೆ ಕರೆಯಬಹುದು, ಮದುವೆಯ ನಂತರದ ಶಬ್ಬಾತ್ ಊಟಕ್ಕೆ ಆಹ್ವಾನಿಸಬಹುದು. ಕನ್ಸರ್ವೇಟಿವ್ ಪಂಥದ ಸಿನಗಾಗ್‌ಗಳ ಒಕ್ಕೂಟ 2017ರಲ್ಲಿ, ಯಹೂದಿಯಲ್ಲದ ಸಂಗಾತಿಗೆ ಸದಸ್ಯತ್ವ ಕೊಡುವ ವಿಚಾರವನ್ನು ಆಯಾ ಸಿನಗಾಗ್‌ನ ನಿರ್ಧಾರಕ್ಕೆ ಬಿಟ್ಟದ್ದು ಇಂಥ ದಾರಿಯ ಹುಡುಕಾಟದ ಭಾಗವೇ.

ಸ್ವಾಗತದ ನಿಜವಾದ ಕೆಲಸ ದೊಡ್ಡ ನಿರ್ಣಯಗಳಿಗಿಂತ ಸಣ್ಣ ಸಂಗತಿಗಳಲ್ಲಿದೆ. ಸದಸ್ಯತ್ವದ ಅರ್ಜಿಯಲ್ಲಿ 'ಹೀಬ್ರೂ ಹೆಸರು' ಎಂಬ ಖಾಲಿ ಜಾಗ ಎಲ್ಲರಿಗೂ ಕಡ್ಡಾಯವಾಗಿದ್ದರೆ, ಅದನ್ನು ತುಂಬಲಾರದ ಸಂಗಾತಿಗೆ ಮೊದಲ ಪುಟದಲ್ಲೇ ತಾನು ಹೊರಗಿನವಳೆಂಬ ಸಂದೇಶ ಹೋಗುತ್ತದೆ. 'ಯಹೂದಿಯಲ್ಲದವರು' ಎಂದು ಇಲ್ಲದ್ದರಿಂದ ಗುರುತಿಸುವ ಬದಲು ಹೆಸರಿಡಿದು ಕರೆಯುವುದು, ಪ್ರಾರ್ಥನಾ ಪುಸ್ತಕದಲ್ಲಿ ಹೀಬ್ರೂ ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲೂ ಕೊಡುವುದು, ಯಾವಾಗ ಏಳಬೇಕು ಯಾವಾಗ ಕೂರಬೇಕೆಂದು ಮೆಲುದನಿಯಲ್ಲಿ ಹೇಳುವ ಒಬ್ಬರು ಪಕ್ಕದಲ್ಲಿರುವುದು, ಇವೆಲ್ಲ ಹಣ ಬೇಡದ ಉಪಕಾರಗಳು. ಅದಕ್ಕಿಂತ ಮುಖ್ಯವಾದದ್ದೆಂದರೆ, ಆ ಸಂಗಾತಿಯನ್ನು ನಾಳೆ ಮತಾಂತರವಾಗಲಿರುವ ಅಭ್ಯರ್ಥಿಯೆಂದು ನೋಡದಿರುವುದು. 'ನೀನು ಯಾವಾಗ ನಮ್ಮವಳಾಗುತ್ತೀ' ಎಂದು ವರ್ಷವರ್ಷವೂ ಪ್ರೀತಿಯಿಂದಲೇ ಕೇಳುವ ಬಂಧುವಿಗೆ, ಆ ಪ್ರಶ್ನೆ 'ನೀನಿನ್ನೂ ನಮ್ಮವಳಲ್ಲ' ಎಂದೂ ಹೇಳುತ್ತದೆ ಎಂಬುದು ಹೊಳೆಯುವುದೇ ಇಲ್ಲ.

ಈ ಕೆಲಸಕ್ಕೆಂದೇ ಸಂಸ್ಥೆಗಳೂ ಇವೆ. 2001ರಲ್ಲಿ ಎಡ್ಮಂಡ್ ಕೇಸ್ ಆರಂಭಿಸಿದ ಇಂಟರ್‌ಫೇಯ್ತ್‌ಫ್ಯಾಮಿಲಿ ಎಂಬ ಸಂಸ್ಥೆ ಈಗ ಏಟೀನ್ ಡೋರ್ಸ್, ಅಂದರೆ ಹದಿನೆಂಟು ಬಾಗಿಲುಗಳು ಎಂಬ ಹೆಸರಿನಲ್ಲಿದೆ. ಹೀಬ್ರೂ ಅಕ್ಷರಗಳಿಗೆ ಅಂಕೆಯ ಬೆಲೆಯೂ ಇರುವುದರಿಂದ, ಜೀವ ಎಂಬರ್ಥದ 'ಖಾಯ್' ಪದದ ಮೊತ್ತ ಹದಿನೆಂಟಾಗುತ್ತದೆ. ಹೆಸರಿನ ಗುಟ್ಟು ಅದು. ಮದುವೆ ನಡೆಸಿಕೊಡುವ ರಬ್ಬಿಯನ್ನು ಹುಡುಕಿಕೊಡುವುದು, ಹೊಸ ದಂಪತಿಗಳ ಗುಂಪುಗಳನ್ನು ಸೇರಿಸುವುದು, ಹಬ್ಬಗಳ ಬಗ್ಗೆ ತಿಳಿಹೇಳುವುದು ಅದರ ಕೆಲಸ. 2005ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹ್ಯಾರಲ್ಡ್ ಗ್ರಿನ್‌ಸ್ಪೂನ್ ಅವರ ನೆರವಿನಿಂದ ಆರಂಭವಾದ ಪೀಜೆ ಲೈಬ್ರರಿ, ಯಹೂದಿ ಮಕ್ಕಳನ್ನು ಬೆಳೆಸುತ್ತಿರುವ ಮನೆಗಳಿಗೆ ತಿಂಗಳಿಗೊಂದು ಮಕ್ಕಳ ಪುಸ್ತಕವನ್ನು ಉಚಿತವಾಗಿ ಅಂಚೆಯಲ್ಲಿ ಕಳುಹಿಸುತ್ತದೆ. ಮಲಗುವ ಹೊತ್ತಿನಲ್ಲಿ ಆ ಕಥೆ ಓದಿ ಹೇಳುವ ಕ್ರೈಸ್ತ ಅಥವಾ ಹಿಂದೂ ತಾಯಿ, ಯಾರ ಮುಂದೂ ಅಜ್ಞಾನ ಒಪ್ಪಿಕೊಳ್ಳುವ ಮುಜುಗರವಿಲ್ಲದೆ, ಮಗುವಿನ ಜೊತೆಜೊತೆಗೇ ಕಲಿಯುತ್ತಾಳೆ.

ಡಿಸೆಂಬರ್ ಬಂತೆಂದರೆ ಪ್ರತಿ ಮನೆಯಲ್ಲೂ ಚರ್ಚೆ. ಎಂಟು ದಿನದ ಹನುಕ್ಕಾ ದೀಪಗಳ ಪಕ್ಕದಲ್ಲಿ ಕ್ರಿಸ್‌ಮಸ್ ಮರ ಇರಬಹುದೇ? ಕೆಲವರು ಮರವನ್ನು ಅಜ್ಜ ಅಜ್ಜಿಯ ಮನೆಗೆ ಸೀಮಿತಗೊಳಿಸುತ್ತಾರೆ, ಕೆಲವರು ಎರಡನ್ನೂ ಇಡುತ್ತಾರೆ. ಮರದ ಮೇಲಿನ ಜಗಳ ನಿಜವಾಗಿ ಮರದ ಬಗ್ಗೆ ಅಲ್ಲ, ಮಗುವಿಗೆ ನಾವು ಯಾರೆಂದು ಹೇಳಬೇಕು ಎಂಬುದರ ಬಗ್ಗೆ. ಆ ಮಾತನ್ನು ಮಗು ಹುಟ್ಟುವ ಮುಂಚೆಯೇ ಆಡಿ ಮುಗಿಸುವುದು ಒಳ್ಳೆಯದು. ಎರಡು ಧರ್ಮಗಳನ್ನೂ ಸಮಾನವಾಗಿ ಕಲಿಸುತ್ತೇವೆ ಎನ್ನುವ ಪೋಷಕರಿದ್ದಾರೆ, ವಾಷಿಂಗ್ಟನ್ ಮತ್ತು ಶಿಕಾಗೊ ಸುತ್ತಮುತ್ತ ಅಂಥ ಮಕ್ಕಳ ಪಾಠಶಾಲೆಗಳೂ ನಡೆಯುತ್ತವೆ. ಹಲವು ರಬ್ಬಿಗಳು ಇದನ್ನು ಒಪ್ಪುವುದಿಲ್ಲ, ಮತ್ತು ಕೆಲವು ಸಿನಗಾಗ್ ಪಾಠಶಾಲೆಗಳು ಬೇರೆ ಧರ್ಮದ ಶಿಕ್ಷಣವನ್ನೂ ಪಡೆಯುತ್ತಿರುವ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಸ್ವಾಗತಕ್ಕೂ ಒಂದು ಆಕಾರ ಬೇಕು, ಎಲ್ಲೆಯೇ ಇಲ್ಲದ ಮನೆಗೆ ಬಾಗಿಲೂ ಇರುವುದಿಲ್ಲ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಆ ನಿಯಮವನ್ನು ತಂದೆತಾಯಿಗಳ ಜೊತೆ ಕುಳಿತು ಹೇಳಬೇಕೇ ಹೊರತು, ಮಗುವಿಗೆ ತಿಳಿಯುವಂತೆ ಅಲ್ಲ.

ಅಮೆರಿಕದಲ್ಲಿ ನೆಲೆಸಿದ ಭಾರತೀಯ ಕುಟುಂಬಗಳಿಗೂ ಇದು ಈಗ ದೂರದ ಸಂಗತಿಯಲ್ಲ. ಕಮಲಾ ಹ್ಯಾರಿಸ್ ಮತ್ತು ಡಗ್ ಎಮ್‌ಹಾಫ್ ಅವರ 2014ರ ಮದುವೆಯಲ್ಲಿ ವಧು ವರನ ಕೊರಳಿಗೆ ಹೂಮಾಲೆ ಹಾಕಿದರು, ವರ ಯಹೂದಿ ಪದ್ಧತಿಯಂತೆ ಗಾಜನ್ನು ಕಾಲಿನಿಂದ ಒಡೆದರು. ಕನ್ನಡದ ಮನೆಯೊಂದರ ಮಗಳು ಯಹೂದಿ ಹುಡುಗನನ್ನು ವರಿಸಿದಾಗ ಬೀಗರಾಗುವವರಿಗೆ ಕೆಲವು ವಿಷಯ ತಿಳಿದಿದ್ದರೆ ಅನುಕೂಲ. ಮೂರ್ತಿಪೂಜೆಯ ನಿಷೇಧ ಯಹೂದಿ ಧರ್ಮದ ಅಡಿಪಾಯದಲ್ಲೇ ಇರುವುದರಿಂದ, ದೇವರ ಕೋಣೆಯ ಮುಂದೆ ಅಳಿಯ ಕೈಮುಗಿಯದೆ ನಿಂತರೆ ಅದು ಅಗೌರವವಲ್ಲ. ಅದೇ ರೀತಿ ಸೊಸೆ ತನ್ನ ದೇವರ ಪಟಗಳನ್ನು ಮನೆಯಲ್ಲಿಟ್ಟುಕೊಳ್ಳಲು ಬಯಸಿದರೆ ಅದು ಅವರಿಗೆ ಅವಮಾನವಲ್ಲ ಎಂದು ಆ ಕಡೆಯವರೂ ತಿಳಿಯಬೇಕಾಗುತ್ತದೆ. ಮಾಂಸ ಮತ್ತು ಹಾಲನ್ನು ಬೆರೆಸಬಾರದೆಂಬ ಕೋಷರ್ ನಿಯಮ ಸಸ್ಯಾಹಾರಿ ಅಡುಗೆಮನೆಯಲ್ಲಿ ಅಷ್ಟಾಗಿ ತೊಡಕಾಗುವುದಿಲ್ಲ, ಕಟ್ಟುನಿಟ್ಟಾಗಿ ಪಾಲಿಸುವವರು ಪಾತ್ರೆಗಳ ಬಗ್ಗೆಯೂ ಕೇಳುತ್ತಾರೆ ಅಷ್ಟೇ. ಪೆಸಾಹ್ ಹಬ್ಬದಲ್ಲಿ ಮಾತ್ರ ಎಚ್ಚರ ಬೇಕು: ಪೂರ್ವ ಯುರೋಪಿನ ಮೂಲದ ಅಷ್ಕೆನಾಝಿ ಸಂಪ್ರದಾಯದ ಹಲವು ಮನೆಗಳಲ್ಲಿ ಆ ದಿನಗಳಲ್ಲಿ ಹುದುಗು ಬಂದ ರೊಟ್ಟಿಯಷ್ಟೇ ಅಲ್ಲ, ಅಕ್ಕಿ ಬೇಳೆಗಳೂ ನಿಷಿದ್ಧ. ಆದ್ದರಿಂದ ಆ ಹಬ್ಬದ ವಿಧಿಪೂರ್ವಕ ಊಟವಾದ ಸೇದರ್‌ಗೆ ಪ್ರೀತಿಯಿಂದ ಬಿಸಿಬೇಳೆಬಾತ್ ಕೊಂಡೊಯ್ಯುವ ಮುನ್ನ ಒಂದು ಮಾತು ಕೇಳುವುದು, ಕೇಳದೆ ತಂದರೆ ಆ ಮನೆಯವರು ನಗುಮುಖದಿಂದ ವಿವರಿಸುವುದು, ಎರಡೂ ಬೀಗತನದ ಧರ್ಮವೇ.

ಸಂಗಾತಿಗಳಲ್ಲಿ ಕೆಲವರು ಕಾಲಾಂತರದಲ್ಲಿ ತಾವಾಗಿಯೇ ಮತಾಂತರವನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ವರ್ಷದಷ್ಟು ಅಧ್ಯಯನ, ಮೂವರ ಧರ್ಮಸಭೆಯ ಮುಂದೆ ಹಾಜರಿ, ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಏಳುವುದು ಬೇಕಾಗುತ್ತದೆ. ಒಮ್ಮೆ ಬಂದ ಮೇಲೆ ಅವರ ಪೂರ್ವವನ್ನು ಎತ್ತಿ ಆಡಬಾರದೆಂದು ಮಿಶ್ನಾ ಸ್ಪಷ್ಟವಾಗಿ ವಿಧಿಸುತ್ತದೆ. ಒಬದ್ಯ ಎಂಬ ಮತಾಂತರಿಯೊಬ್ಬ, ತನ್ನ ಪಿತೃಗಳು ಯಹೂದಿಗಳಲ್ಲದಿರುವಾಗ 'ನಮ್ಮ ಪಿತೃಗಳ ದೇವರೇ' ಎಂದು ತಾನು ಪ್ರಾರ್ಥಿಸಬಹುದೇ ಎಂದು ಹನ್ನೆರಡನೆಯ ಶತಮಾನದ ಮಹಾವಿದ್ವಾಂಸ ಮೈಮೋನಿದೆಸ್‌ಗೆ ಬರೆದು ಕೇಳಿದ್ದ. ಒಂದಕ್ಷರವನ್ನೂ ಬದಲಿಸದೆ ಹಾಗೆಯೇ ಹೇಳು, ಅಬ್ರಹಾಮನು ನಿನಗೂ ತಂದೆ ಎಂಬುದು ಅವರ ಉತ್ತರದ ಸಾರ. ಎಂಟುನೂರು ವರ್ಷಗಳ ಹಿಂದಿನ ಆ ಪತ್ರವನ್ನು ನೆನೆದಾಗಲೆಲ್ಲ, ಪರಂಪರೆಗೆ ನಿಷ್ಠರಾಗಿರುವುದಕ್ಕೂ ಹೊಸಬರನ್ನು ಪೂರ್ಣಮನಸ್ಸಿನಿಂದ ಒಳಗೆ ಕರೆಯುವುದಕ್ಕೂ ವಿರೋಧವಿಲ್ಲ ಎಂಬ ಧೈರ್ಯ ಬರುತ್ತದೆ.

ರಬ್ಬಿಗಳನ್ನು ತಯಾರು ಮಾಡುವ ಶಾಲೆಗಳಲ್ಲೂ ಬದಲಾವಣೆ ಬಂದಿದೆ. ಯಹೂದಿಯಲ್ಲದ ಸಂಗಾತಿಯಿರುವ ವಿದ್ಯಾರ್ಥಿಗಳಿಗಿದ್ದ ನಿರ್ಬಂಧವನ್ನು ರೀಕನ್‌ಸ್ಟ್ರಕ್ಷನಿಸ್ಟ್ ಶಾಲೆ 2015ರಲ್ಲಿ, ಬಾಸ್ಟನ್ ಬಳಿಯ ಹೀಬ್ರೂ ಕಾಲೇಜ್ 2023ರಲ್ಲಿ, ರಿಫಾರ್ಮ್ ಪಂಥದ ಹೀಬ್ರೂ ಯೂನಿಯನ್ ಕಾಲೇಜ್ 2024ರಲ್ಲಿ ತೆಗೆದುಹಾಕಿದವು.

ಇನ್ನು ಆ ಶನಿವಾರದ ತಾಯಿಯ ವಿಷಯ. ಅವಳಿಗಾಗಿ ಸಿನಗಾಗ್‌ಗಳು ಬಗೆಬಗೆಯ ದಾರಿಗಳನ್ನು ಕಂಡುಕೊಂಡಿವೆ. ಕೆಲವೆಡೆ ಗಂಡ ಆಶೀರ್ವಚನ ಹೇಳುವಾಗ ಅವಳು ಪಕ್ಕದಲ್ಲಿ ನಿಲ್ಲುತ್ತಾಳೆ. ಕೆಲವೆಡೆ ತೋರಾ ಸುರುಳಿಯನ್ನು ಅಜ್ಜ ಅಜ್ಜಿಯಿಂದ ತಂದೆತಾಯಿಗೆ, ಅವರಿಂದ ಮಗನಿಗೆ ದಾಟಿಸುವಾಗ ಅವಳ ಕೈಯಿಂದಲೂ ಅದು ಹಾದುಹೋಗುತ್ತದೆ. ಇನ್ನು ಕೆಲವೆಡೆ, ತನ್ನ ಮಗನನ್ನು ಈ ಪರಂಪರೆಯಲ್ಲಿ ಬೆಳೆಸಿದ್ದಕ್ಕಾಗಿ ಅವಳು ತನ್ನದೇ ಮಾತುಗಳಲ್ಲಿ ಕೃತಜ್ಞತೆ ಹೇಳುತ್ತಾಳೆ, ಸಭೆ ಅದಕ್ಕೆ 'ಆಮೆನ್' ಎನ್ನುತ್ತದೆ. ಈ ಕೊನೆಯ ದಾರಿ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಏಕೆಂದರೆ ಅಲ್ಲಿ ಅವಳು ತನ್ನದಲ್ಲದ ಮಾತನ್ನು ಆಡಬೇಕಿಲ್ಲ, ತನ್ನ ಪಾಲನ್ನು ಮುಚ್ಚಿಡಲೂ ಬೇಕಿಲ್ಲ.

ಕೊನೆಯ ಹೊಸ್ತಿಲು ಸ್ಮಶಾನದ್ದು. ಸಾಂಪ್ರದಾಯಿಕ ಯಹೂದಿ ಸ್ಮಶಾನದಲ್ಲಿ ಯಹೂದಿಗಳನ್ನು ಮಾತ್ರ ಮಣ್ಣು ಮಾಡುತ್ತಾರೆ. ಐವತ್ತು ವರ್ಷ ಜೊತೆಗೆ ಬಾಳಿದ ಗಂಡಹೆಂಡತಿ ಪಕ್ಕಪಕ್ಕದಲ್ಲಿ ಮಲಗುವಂತಿಲ್ಲ ಎಂಬುದು ಅನೇಕ ಕುಟುಂಬಗಳಿಗೆ ತಿಳಿಯುವುದು ಇಬ್ಬರಲ್ಲೊಬ್ಬರು ತೀರಿಕೊಂಡ ದಿನವೇ, ಅದೂ ಆದಷ್ಟು ಬೇಗ ಅಂತ್ಯಕ್ರಿಯೆ ಮುಗಿಸಬೇಕೆಂಬ ಪದ್ಧತಿಯ ಅವಸರದ ನಡುವೆ. ರಿಫಾರ್ಮ್ ಸ್ಮಶಾನಗಳಲ್ಲಿ ಅನೇಕವು ಸಂಗಾತಿಗೂ ಜಾಗ ಕೊಡುತ್ತವೆ; ಬೇರೆ ಧರ್ಮದ ಚಿಹ್ನೆಯನ್ನು ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಬಾರದೆಂಬುದು ಅಲ್ಲಿನ ಸಾಮಾನ್ಯ ಷರತ್ತು. ಕನ್ಸರ್ವೇಟಿವ್ ಪಂಥದ ಕೆಲವು ಸ್ಮಶಾನಗಳು ಕಾಲುದಾರಿಯಿಂದಲೋ 'ಹಸಿರು ಬೇಲಿ'ಯಿಂದಲೋ ಬೇರ್ಪಡಿಸಿದ ಒಂದು ಭಾಗವನ್ನು ಅಂತರ್ಧರ್ಮೀಯ ದಂಪತಿಗಳಿಗಾಗಿ ಮೀಸಲಿಟ್ಟಿವೆ, ಅಲ್ಲಿ ಇಬ್ಬರೂ ಜೊತೆಯಲ್ಲಿರಬಹುದು. ಶಾಂತಿಯ ಹಾದಿಗಾಗಿ ಅನ್ಯರ ಮೃತರನ್ನೂ ಇಸ್ರಾಯೇಲಿನ ಮೃತರೊಡನೆ ಮಣ್ಣು ಮಾಡಬೇಕು ಎಂಬ ಯಹೂದಿ ಧರ್ಮಶಾಸ್ತ್ರದ ಪ್ರಾಚೀನ ಸಂಗ್ರಹವಾದ ತಾಲ್ಮೂದಿನ ಹಳೆಯ ಮಾತನ್ನು, ಅಂತ್ಯಸಂಸ್ಕಾರದಲ್ಲಿ ನೆರವಾಗಬೇಕೆಂದಷ್ಟೇ ಹಿಂದಿನವರು ಅರ್ಥೈಸಿದ್ದರು; ಈಗ ಅದೇ ಮಾತನ್ನು ಹೊಸ ಕಣ್ಣಿನಿಂದ ಓದುವವರಿದ್ದಾರೆ. ಆಯಾ ಸ್ಮಶಾನದ ನಿಯಮ ಏನೇ ಇರಲಿ, ಅದನ್ನು ಬರೆದಿಟ್ಟು, ದಂಪತಿ ಸದಸ್ಯರಾಗಿ ಸೇರುವ ದಿನವೇ ರಬ್ಬಿಯೊಬ್ಬರು ಅವರ ಎದುರು ಕುಳಿತು ಓದಿ ಹೇಳಬೇಕು. ಆಗ ಇಬ್ಬರೂ ಬದುಕಿರುತ್ತಾರೆ, ಪ್ರಶ್ನೆ ಕೇಳಬಲ್ಲರು, ಬೇಕಾದರೆ ಬೇಲಿಯ ಆಚೆಗೋ ಈಚೆಗೋ ತಮ್ಮ ಜಾಗವನ್ನು ತಾವೇ ಆರಿಸಿಕೊಳ್ಳಬಲ್ಲರು.